ಅಪ್ಪನ ನೋಟುಬುಕ್ಕು, ನನ್ನ ಸ್ಟೇಟ್‌ಮೆಂಟು

ಅಪ್ಪನ ಹತ್ತಿರ ಒಂದು ಉದ್ದದ ನೋಟುಬುಕ್ಕು ಇದೆ. ರಟ್ಟಿನ ಮೂಲೆಗಳು ಸವೆದು ನೂಲು ಹೊರಗೆ ಬಂದಿದೆ. 2003ರ ಏಪ್ರಿಲ್‌ನಿಂದ ಈಚೆಗೆ ಬಂದ ಒಂದೊಂದು ತಿಂಗಳ ಪೆನ್ಶನ್ನೂ ಅದರಲ್ಲಿ ಇದೆ. ತಾರೀಕು, ಮೂಲ ಪೆನ್ಶನ್, ಡಿ.ಎ. (ತುಟ್ಟಿಭತ್ಯೆ), ಒಟ್ಟು ಎಂದು ನಾಲ್ಕು ಕಾಲಂ. ಬರೆಯುವುದು ನೀಲಿ ಶಾಯಿಯಲ್ಲಿ. ಡಿ.ಎ. ಏರಿದ ತಿಂಗಳು ಮಾತ್ರ ಕೆಂಪು. ಮೂವತ್ತನಾಲ್ಕು ವರ್ಷ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಮಕ್ಕಳ ಹಾಜರಿ ಹಾಕಿದ ಕೈ ಅದು. ನಿವೃತ್ತಿಯಾದ ಮೇಲೆ ತನ್ನದೇ ಹಾಜರಿ ಹಾಕಿಕೊಂಡು ಬಂದಿದೆ.

ಮೊದಲ ಸಾಲಿನಲ್ಲಿ ಆರು ಸಾವಿರ ಚಿಲ್ಲರೆ ಇದೆ. ಕೊನೆಯ ಸಾಲು ಇಪ್ಪತ್ತೈದು ಸಾವಿರ ದಾಟಿದೆ. ಡಿ.ಎ. ತಡವಾದದ್ದುಂಟು, ಬಾಕಿ ಉಳಿದದ್ದುಂಟು. ‘ಕುಡಿಶ್ಶಿಕ (ಬಾಕಿ) ಇನ್ನೂ ಸಿಕ್ಕಿಲ್ಲ’ ಎಂದು ಅಪ್ಪ ಮತ್ತು ಅವರ ಸ್ನೇಹಿತರು ಮಲಯಾಳದ ಮಾತನ್ನೇ ಹಿಡಿದು ಬೇಜಾರು ಹೇಳಿಕೊಳ್ಳುವುದನ್ನು ಕೇಳುತ್ತಲೇ ಇರುತ್ತೇನೆ. ಆದರೆ ಇಪ್ಪತ್ತೆರಡು ವರ್ಷದ ಈ ಪುಟಗಳಲ್ಲಿ ಒಟ್ಟು ಅಂಕಿ ಒಮ್ಮೆಯೂ ಕೆಳಗೆ ಇಳಿದಿಲ್ಲ.

ಮೊನ್ನೆ ಸಂಜೆ ಚಾವಡಿಯಲ್ಲಿ ಅಪ್ಪ ಆ ತಿಂಗಳದ್ದನ್ನು ಬರೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಫೋನಿನಲ್ಲಿ ನನ್ನ ಎನ್.ಪಿ.ಎಸ್. (ಹೊಸ ಪೆನ್ಶನ್ ಯೋಜನೆ) ಸ್ಟೇಟ್‌ಮೆಂಟ್ ನೋಡುತ್ತಿದ್ದೆ.

“ನಿನ್ನದು ಎಷ್ಟು ಬರ್ತದೆ?” ಅಂತ ಕೇಳಿದರು.

“ಹದಿನೇಳು ಲಕ್ಷದ ಹತ್ತಿರ ಆಗಿದೆ ಅಪ್ಪ.”

“ಅದಲ್ಲ. ರಿಟೈರ್ ಆದ ಮೇಲೆ ತಿಂಗಳಿಗೆ ಎಷ್ಟು?”

“ಗೊತ್ತಿಲ್ಲ.”

“ಆಫೀಸಿನಲ್ಲಿ ಕೇಳಿದರೆ ಹೇಳುದಿಲ್ವಾ?”

“ಅವರಿಗೂ ಗೊತ್ತಿರುದಿಲ್ಲ ಅಪ್ಪ. ಯಾರಿಗೂ ಗೊತ್ತಿರುದಿಲ್ಲ.”

ಅಪ್ಪ ಪೆನ್ನಿನ ಕ್ಯಾಪ್ ಹಾಕಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಾಗಾದ್ರೆ ಅದು ಪೆನ್ಶನ್ ಹೇಗಾಯ್ತು?” ಎಂದರು. ನನ್ನನ್ನು ಚುಚ್ಚಲು ಕೇಳಿದ್ದಲ್ಲ. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಆ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಾಸರಗೋಡು ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಪಿ.ಎಸ್.ಸಿ. ರ್‍ಯಾಂಕ್ ಲಿಸ್ಟಿನಲ್ಲಿ ನನ್ನ ಹೆಸರೂ ನನ್ನ ಗೆಳತಿಯ ಹೆಸರೂ ಹತ್ತಿರ ಹತ್ತಿರ ಇದ್ದವು. ಅವಳಿಗೆ ಅಡ್ವೈಸ್ ಮೆಮೋ (ನೇಮಕದ ಶಿಫಾರಸು ಪತ್ರ) ಮೊದಲು ಬಂತು. 2013ರ ಫೆಬ್ರವರಿಯಲ್ಲಿ ಕೆಲಸಕ್ಕೆ ಸೇರಿದಳು. ನಾನು ಸೇರಿದ್ದು ಜೂನ್‌ನಲ್ಲಿ, ಶಾಲೆ ಶುರುವಾಗುವ ಮಳೆಯ ದಿನ. ನಡುವೆ ನಾಲ್ಕೇ ತಿಂಗಳು. ಆದರೆ ಆ ನಾಲ್ಕು ತಿಂಗಳ ಒಳಗೆ 2013ರ ಏಪ್ರಿಲ್ 1 ಎಂಬ ತಾರೀಕು ಬಿದ್ದಿತ್ತು. ಕೇರಳದಲ್ಲಿ ಆ ದಿನದಿಂದ ಸೇರಿದವರಿಗೆಲ್ಲ ಹೊಸ ಪೆನ್ಶನ್.

ಅವಳಿಗೆ ಅಪ್ಪನ ಹಾಗೆ ಹಳೆಯ ಪೆನ್ಶನ್. ಐವತ್ತಾರಕ್ಕೆ ನಿವೃತ್ತಿ. ಮೂವತ್ತು ವರ್ಷ ಸೇವೆ ಆದವರಿಗೆ ಕೊನೆಯ ಹತ್ತು ತಿಂಗಳ ಸರಾಸರಿ ಸಂಬಳದ ಅರ್ಧ, ಅದರ ಮೇಲೆ ಡಿ.ಎ., ಅವಳ ನಂತರ ಮನೆಯವರಿಗೆ ಕುಟುಂಬ ಪೆನ್ಶನ್. ನನ್ನ ನಿವೃತ್ತಿ ಅರವತ್ತಕ್ಕೆ. 2047ರಲ್ಲಿ. ಆಮೇಲೆ ಏನು ಎಂಬುದು ಮಾರುಕಟ್ಟೆಗೆ ಬಿಟ್ಟದ್ದು. ಇಬ್ಬರೂ ಒಂದೇ ಪಾಠ ಮಾಡುತ್ತೇವೆ, ಒಂದೇ ರೀತಿ ಪೇಪರ್ ತಿದ್ದುತ್ತೇವೆ.

ಗಡಿಯ ಊರಿನವರಿಗೆ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ತಲಪಾಡಿ ದಾಟಿದರೆ ಕರ್ನಾಟಕ. ಅಲ್ಲಿ ಈ ತಾರೀಕು 2006ರ ಏಪ್ರಿಲ್ 1. ನನ್ನ ಅತ್ತಿಗೆ ವಿಟ್ಲದ ಕಡೆ ಸರ್ಕಾರಿ ಶಾಲೆಗೆ ಸೇರಿದ್ದು 2008ರಲ್ಲಿ, ಅವರಿಗೆ ಹೊಸ ಪೆನ್ಶನ್. ಅದೇ 2008ರಲ್ಲಿ ಮಂಜೇಶ್ವರದ ಕಡೆ ಸೇರಿದ ನಮ್ಮ ಸಹೋದ್ಯೋಗಿಗೆ ಹಳೆಯದು. ರೈಲ್ವೆಯಲ್ಲಿರುವ ನೆಂಟರೊಬ್ಬರಿಗೆ ತಾರೀಕು ಬೇರೆ, 2004ರ ಜನವರಿ 1. ಮದುವೆ ಮನೆಯಲ್ಲಿ ನಾವೆಲ್ಲ ಒಂದೇ ಸಾಲಿನಲ್ಲಿ ಎಲೆ ಹಾಕಿ ಕೂತಾಗ, ಯಾರ ಮುಪ್ಪು ಯಾವ ತಾರೀಕಿಗೆ ಸೇರಿದ್ದು ಎಂದು ನಾನು ಲೆಕ್ಕ ಹಾಕುತ್ತಿರುತ್ತೇನೆ.

ಕೇರಳದಲ್ಲಿ ಇದರ ವಿರುದ್ಧ 2013ರ ಜನವರಿಯಲ್ಲಿ ನೌಕರರು ಮತ್ತು ಅಧ್ಯಾಪಕರು ಮುಷ್ಕರ ಮಾಡಿದ್ದರು. ನಾನಾಗ ದಿನಗೂಲಿಯ ಅಧ್ಯಾಪಕಿ. ಮುಷ್ಕರದ ಘೋಷಣೆಗಳಲ್ಲಿ ‘ಪಂಕಾಳಿತ್ತ ಪೆನ್ಶನ್’ ಎಂಬ ಮಾತು ಮೊದಲ ಸಲ ಕೇಳಿದೆ. ಪಂಕಾಳಿ ಅಂದರೆ ಪಾಲುದಾರ. ನಮ್ಮ ಕನ್ನಡ ಪತ್ರಿಕೆಗಳು ‘ಸಹಭಾಗಿತ್ವ ಪಿಂಚಣಿ’ ಎಂದು ಬರೆದವು. ಕೇಳಲು ಒಳ್ಳೆಯ ಹೆಸರು. ನನ್ನ ಸಂಬಳ ಮತ್ತು ಡಿ.ಎ.ಯಿಂದ ಶೇ. 10, ಸರ್ಕಾರದಿಂದ ಅಷ್ಟೇ. ಹಾಕುವಾಗ ಇಬ್ಬರೂ ಪಾಲುದಾರರು, ಸರಿ. ಆದರೆ ನಷ್ಟವಾದರೆ? ನಾನು ತೊಂಬತ್ತೈದರವರೆಗೆ ಬದುಕಿದರೆ? ಬೆಲೆ ಏರಿದರೆ? ಆಗ ಪಾಲುದಾರರು ಯಾರೂ ಇಲ್ಲ. ನಾನೊಬ್ಬಳೇ.

ಅಪ್ಪನಿಗೆ ನಾನು ಇದನ್ನು ಹೀಗೆ ವಿವರಿಸಿದೆ. ನನಗೆ ಪ್ರಾನ್ ಎಂಬ ಹನ್ನೆರಡು ಅಂಕಿಯ ನಂಬರ್ ಕೊಟ್ಟಿದ್ದಾರೆ. ಕೊಟ್ಟದ್ದು ಸೇರಿದ ಎಷ್ಟೋ ತಿಂಗಳ ಮೇಲೆ, ಕಡತ ಎಲ್ಲೋ ನಿಂತಿತ್ತು. ತಿಂಗಳು ತಿಂಗಳು ಹೋಗುವ ದುಡ್ಡು ಮೂರು ಫಂಡ್‌ಗಳಿಗೆ ಹಂಚಿ ಹೋಗುತ್ತದೆ. ಎಸ್‌ಬಿಐ, ಎಲ್‌ಐಸಿ, ಯುಟಿಐ ಇವುಗಳ ಪೆನ್ಶನ್ ಫಂಡ್‌ಗಳು. ಅವು ಅದರಲ್ಲಿ ಹೆಚ್ಚಿನ ಪಾಲನ್ನು ಸರ್ಕಾರಿ ಸಾಲಪತ್ರಗಳಿಗೆ, ಉಳಿದದ್ದನ್ನು ಕಂಪನಿಗಳ ಬಾಂಡ್‌ಗಳಿಗೆ ಮತ್ತು ಷೇರಿಗೆ ಹಾಕುತ್ತವೆ. ನಾನು ಸೇರಿದಾಗ ಷೇರಿನ ಮಿತಿ ಶೇ. 15. ನನ್ನ ಹೆಸರಿಗೆ ಯೂನಿಟ್ಟುಗಳು, ಅಂದರೆ ಫಂಡಿನ ಪಾಲುಗಳು, ಬೀಳುತ್ತವೆ. ದಶಮಾಂಶದ ಆಚೆ ನಾಲ್ಕು ಅಂಕಿ. ಅಪ್ಪ ಆ ಅಂಕಿಗಳನ್ನು ನೋಡಿ, “ಇಷ್ಟು ಸಣ್ಣದು ಲೆಕ್ಕ ಮಾಡ್ತಾರೆ, ದೊಡ್ಡದು ಹೇಳುದಿಲ್ಲ” ಎಂದರು.

ದೊಡ್ಡದನ್ನು ನಾನೇ ಲೆಕ್ಕ ಹಾಕಿ ನೋಡಿದೆ. 2047ರಲ್ಲಿ ನನ್ನ ಖಾತೆಯಲ್ಲಿ ಒಂದು ಕೋಟಿ ಆಯಿತು ಎಂದಿಟ್ಟುಕೊಳ್ಳಿ. ನಮ್ಮಂಥ ಸರ್ಕಾರಿ ನೌಕರರು ಅದರಲ್ಲಿ ಕನಿಷ್ಠ ಶೇ. 40 ಕೊಟ್ಟು ವಿಮಾ ಕಂಪನಿಯಿಂದ ಆನ್ಯುಟಿ ಕೊಳ್ಳಬೇಕು. ಅಂದರೆ ನಲವತ್ತು ಲಕ್ಷ ಕೊಟ್ಟರೆ ಅವರು ತಿಂಗಳಿಗೆ ಇಷ್ಟು ಎಂದು ಕೊಡುತ್ತಾರೆ. ದರ ಶೇ. 6 ಎಂದು ಹಿಡಿದರೆ ವರ್ಷಕ್ಕೆ 2,40,000 ರೂ., ತಿಂಗಳಿಗೆ 20,000. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರುತ್ತಾ ಹೋದರೆ, 2047ರ ಆ 20,000 ಇವತ್ತಿನ ಏಳು ಸಾವಿರಕ್ಕೆ ಹತ್ತಿರ. ಮತ್ತೆ ಅದು ಏರುವುದಿಲ್ಲ. ಕೆಂಪು ಶಾಯಿಯ ತಿಂಗಳು ನನಗೆ ಇಲ್ಲ. ಉಳಿದ ಅರವತ್ತು ಲಕ್ಷ ತೆರಿಗೆಯಿಲ್ಲದೆ ಕೈಗೆ ಬರುತ್ತದೆ, ಅದು ಸಣ್ಣ ಮೊತ್ತ ಅಲ್ಲ. ಆದರೆ ಊರಲ್ಲಿ ಅರವತ್ತರ ಹೆಂಗಸಿನ ಕೈಗೆ ಒಟ್ಟಿಗೆ ದುಡ್ಡು ಬಂದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಮನೆಯ ಮೇಲಿನ ಸಾಲ, ಮಗಳ ಮದುವೆ, ಯಾರದ್ದೋ ಆಪರೇಷನ್. ತಿಂಗಳ ದುಡ್ಡಿಗೆ ಯಾರೂ ಕೈ ಹಾಕುವುದಿಲ್ಲ. ಗಂಟು ದುಡ್ಡಿಗೆ ಎಲ್ಲರ ಕಷ್ಟವೂ ಬಂದು ನಿಲ್ಲುತ್ತದೆ.

ಕೋವಿಡ್ ಬಂದ 2020ರ ಮಾರ್ಚ್ ನನಗೆ ಮರೆಯುವುದಿಲ್ಲ. ಕಾಸರಗೋಡಿನವರು ಯಾರೂ ಮರೆಯುವುದಿಲ್ಲ. ಕರ್ನಾಟಕದ ಕಡೆಯಿಂದ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ್ದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ತಲಪಾಡಿಯಿಂದ ಹಿಂದೆ ಬಂದರು, ಕೆಲವರು ದಾರಿಯಲ್ಲೇ ತೀರಿಕೊಂಡರು. ಆ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,934 ಅಂಶ ಬಿದ್ದಿತ್ತು. ಮನೆಯಲ್ಲಿ ಕೂತು ಬೇರೆ ಕೆಲಸವಿಲ್ಲದೆ ಸ್ಟೇಟ್‌ಮೆಂಟ್ ತೆರೆದೆ. ಆ ತಿಂಗಳು ನಾನು ಹಾಕಿದ ದುಡ್ಡಿಗಿಂತ ಜಾಸ್ತಿ ಕರಗಿತ್ತು. ಆಮೇಲೆ ಮೇಲೆ ಬಂತು, ಅದು ನಿಜ. ನನಗಾಗ ಮೂವತ್ತಮೂರು, ಕಾಯಲು ಸಮಯ ಇತ್ತು. ಅದೇ ತಿಂಗಳು ಅರವತ್ತು ತುಂಬಿದವರಿಗೆ? ಅವರ ಯೂನಿಟ್ಟುಗಳು ಆ ದಿನದ ಬೆಲೆಗೇ ಹೋಗಬೇಕಿತ್ತು. ಕಾದು ನೋಡಲು ಅವಕಾಶ ಕೊಟ್ಟರೂ, ಮನೆ ಖರ್ಚು ಕಾಯುತ್ತದೆಯೇ? ಅಪ್ಪನ ನೋಟುಬುಕ್ಕಿನ 2020ರ ಏಪ್ರಿಲ್ ಸಾಲು ಮಾತ್ರ ಹಿಂದಿನ ಸಾಲಿನ ಹಾಗೇ ಇದೆ. ಅದೇ ನೀಲಿ ಶಾಯಿ, ಅದೇ ಅಂಕಿ.

ಈ ಹೊಸ ಪೆನ್ಶನ್ ಹುಟ್ಟಿದ ಕಥೆಯನ್ನು ಓದಿದಾಗ ಒಂದು ಸಂಗತಿ ನನ್ನನ್ನು ತುಂಬಾ ತಟ್ಟಿತು. 1998ರಲ್ಲಿ ಕೇಂದ್ರ ಸರ್ಕಾರ ಎಸ್.ಎ. ದವೆ ಅವರ ಮುಂದಾಳತ್ವದಲ್ಲಿ ‘ಓಯಸಿಸ್’ ಎಂಬ ಒಂದು ಸಮಿತಿ ಮಾಡಿತ್ತು. ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯ ಮೊದಲ ಅಧ್ಯಕ್ಷರಾಗಿದ್ದವರು ಅವರು. ಸಮಿತಿಯನ್ನು ಮಾಡಿದ್ದು ಹಣಕಾಸು ಇಲಾಖೆ ಅಲ್ಲ, ಸಾಮಾಜಿಕ ನ್ಯಾಯದ ಇಲಾಖೆ. ಅದು ಯೋಚನೆ ಮಾಡಬೇಕಿದ್ದದ್ದು ನನ್ನಂಥವರ ಬಗ್ಗೆ ಅಲ್ಲ. ಯಾವ ಪೆನ್ಶನ್ನೂ ಇಲ್ಲದ ಕೂಲಿಯವರು, ಅಂಗಡಿಯವರು, ಬೀಡಿ ಕಟ್ಟುವವರು, ತೋಟದವರು, ಅವರ ಮುಪ್ಪಿಗೆ ಏನು ಮಾಡಬಹುದು ಎಂದು. ಪ್ರತಿಯೊಬ್ಬರಿಗೂ ಒಂದು ಖಾತೆ, ಎಲ್ಲಿ ಹೋದರೂ ಜೊತೆಗೆ ಬರುವಂಥದ್ದು, ದುಡ್ಡನ್ನು ಬೆಳೆಸಲು ಕೆಲವು ಫಂಡ್ ಮ್ಯಾನೇಜರ್‌ಗಳು. ಏನೂ ಇಲ್ಲದವರಿಗೆ ಇದು ಒಳ್ಳೆಯ ಯೋಚನೆಯೇ.

ಸರ್ಕಾರಿ ನೌಕರರ ಬಗ್ಗೆ ಬೇರೆ ಸಮಿತಿ ಇತ್ತು. ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿದ್ದ ಬಿ.ಕೆ. ಭಟ್ಟಾಚಾರ್ಯ ಅದರ ಅಧ್ಯಕ್ಷರು. 2002ರಲ್ಲಿ ಅವರು ಹೇಳಿದ್ದು ಎರಡೂ ಬೆರೆತ ದಾರಿ. ಇಷ್ಟು ಎಂದು ಗೊತ್ತಿರುವ ಒಂದು ಪಾಲು, ಫಂಡಿನಿಂದ ಬರುವ ಇನ್ನೊಂದು ಪಾಲು. ಆದರೆ 2003ರ ಡಿಸೆಂಬರ್‌ನಲ್ಲಿ ಆದೇಶ ಬಂದಾಗ ಮೊದಲ ಪಾಲು ಇರಲಿಲ್ಲ. ಕೂಲಿಯವರಿಗೆ ಎಂದು ಯೋಚಿಸಿದ ವ್ಯವಸ್ಥೆ ಮೊದಲು ಬಂದದ್ದು ನೌಕರರಿಗೆ, ಅದೂ ಅವರಿಗಿದ್ದ ಭರವಸೆಯನ್ನು ತೆಗೆದು. ಕೂಲಿಯವರಿಗೆ ಅದರ ಬಾಗಿಲು ತೆರೆದದ್ದು 2009ರ ಮೇ ತಿಂಗಳಲ್ಲಿ. ಸೈನ್ಯವನ್ನು ಮಾತ್ರ ಇದರಿಂದ ಹೊರಗಿಟ್ಟರು. ಅದು ಸರಿಯಾದದ್ದೇ. ಜೀವ ಕೊಡಲು ಹೋಗುವವರಿಗೆ ಮುಂದೆ ಏನು ಎಂದು ಗೊತ್ತಿರಬೇಕು. ಆದರೆ ಗೊತ್ತಿರಬೇಕಾದದ್ದು ಅವರಿಗೆ ಮಾತ್ರವೇ?

ಇದೇ ಮಾತು ಚಿಲಿ ದೇಶದ ಬಗ್ಗೆ ಓದುವಾಗಲೂ ಬಂತು. ಜಗತ್ತಿನಲ್ಲಿ ಪೆನ್ಶನ್ನನ್ನು ಪೂರ್ತಿಯಾಗಿ ಖಾಸಗಿ ಫಂಡ್‌ಗಳ ಕೈಗೆ ಕೊಟ್ಟ ಮೊದಲ ದೇಶ ಅದು, 1981ರಲ್ಲಿ. ಆಗ ಅಲ್ಲಿ ಪಿನೋಶೆಯ ಮಿಲಿಟರಿ ಆಡಳಿತ. ಕಾರ್ಮಿಕ ಮಂತ್ರಿಯಾಗಿದ್ದ ಹೊಸೆ ಪಿನ್ಯೇರಾ ಯೋಜನೆ ಮಾಡಿದರು. ದುಡಿಯುವವರು ಸಂಬಳದ ಶೇ. 10 ಖಾಸಗಿ ಫಂಡಿಗೆ ಹಾಕಬೇಕು. ಮಾಲೀಕ ಏನೂ ಹಾಕಬೇಕಾಗಿಲ್ಲ. ಹಾಗೆ ಮಾಡಿದ ಮಿಲಿಟರಿ ತನ್ನ ಸೈನಿಕರನ್ನು ಮಾತ್ರ ಹಳೆಯ ಪೆನ್ಶನ್‌ನಲ್ಲೇ ಉಳಿಸಿಕೊಂಡಿತು. ಒಂದು ತಲೆಮಾರು ಕಳೆದು ಜನ ನಿವೃತ್ತರಾಗಲು ಶುರುವಾದಾಗ ಕೈಗೆ ಬಂದದ್ದು ನೋಡಿ ಕಂಗಾಲಾದರು. 2016ರಲ್ಲಿ ಲಕ್ಷಗಟ್ಟಲೆ ಜನ ಬೀದಿಗೆ ಬಂದರು. ಕೋವಿಡ್ ಸಮಯದಲ್ಲಿ ಬದುಕಲು ದುಡ್ಡಿಲ್ಲದೆ ಅದೇ ಪೆನ್ಶನ್ ಖಾತೆಯಿಂದ ಮೂರು ಸಲ ಶೇ. 10ರಷ್ಟು ತೆಗೆಯಲು ಬಿಟ್ಟರು. ಮಾಲೀಕರೂ ಪಾಲು ಹಾಕಬೇಕು ಎಂಬ ಬದಲಾವಣೆ ಅಲ್ಲಿನ ಸಂಸತ್ತಿನಲ್ಲಿ ಪಾಸಾದದ್ದು 2025ರಲ್ಲಿ. ನಲವತ್ತನಾಲ್ಕು ವರ್ಷ ಬೇಕಾಯಿತು.

ಚಿಲಿಯನ್ನು ನೋಡಿ 1981ರಿಂದ 2014ರ ಒಳಗೆ ಮೂವತ್ತು ದೇಶಗಳು ಪೂರ್ತಿಯಾಗಿಯೋ ಅರ್ಧವಾಗಿಯೋ ಇದೇ ದಾರಿ ಹಿಡಿದವು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬರೆದಿದೆ. 2018ರ ಹೊತ್ತಿಗೆ ಅವುಗಳಲ್ಲಿ ಹದಿನೆಂಟು ಹಿಂದೆ ಬಂದಿದ್ದವು. ಅರ್ಜೆಂಟೀನಾ 1994ರಲ್ಲಿ ಖಾಸಗಿಗೆ ಕೊಟ್ಟು, 2008ರ ಬಿಕ್ಕಟ್ಟಿನಲ್ಲಿ ಎಲ್ಲವನ್ನೂ ಸರ್ಕಾರಕ್ಕೆ ತೆಗೆದುಕೊಂಡಿತು.

ನಮ್ಮ ವ್ಯವಸ್ಥೆ ಚಿಲಿಯಷ್ಟು ಕೆಟ್ಟದ್ದಲ್ಲ. ಇದನ್ನು ಹೇಳದಿದ್ದರೆ ನಾನು ಅನ್ಯಾಯ ಮಾಡಿದ ಹಾಗೆ. ಇಲ್ಲಿ ಸರ್ಕಾರವೂ ಪಾಲು ಹಾಕುತ್ತದೆ. 2013ರಲ್ಲಿ ಕಾನೂನು ಬಂತು, ಪಿ.ಎಫ್.ಆರ್.ಡಿ.ಎ. ಎಂಬ ನಿಯಂತ್ರಣ ಸಂಸ್ಥೆಗೆ ಅಧಿಕಾರ ಬಂತು. ಫಂಡ್‌ಗಳು ತೆಗೆದುಕೊಳ್ಳುವ ಫೀಸು ತುಂಬಾ ಕಡಿಮೆ. 2009ರಲ್ಲಿ ಎಲ್ಲರಿಗೂ ತೆರೆದಾಗ ವರ್ಷಕ್ಕೆ ಶೇ. 0.0009 ಇತ್ತು. ಒಂದು ಲಕ್ಷಕ್ಕೆ ತೊಂಬತ್ತು ಪೈಸೆ! ಅಷ್ಟಕ್ಕೆ ಯಾವ ಕಂಪನಿಯೂ ಇದನ್ನು ಜನರ ಹತ್ತಿರ ಒಯ್ಯಲು ಉತ್ಸಾಹ ತೋರಿಸಲಿಲ್ಲ. ಆಮೇಲೆ ಏರುತ್ತಾ ಬಂದು 2021ರಲ್ಲಿ ಶೇ. 0.03ರಿಂದ 0.09ರ ನಡುವೆ ನಿಂತಿತು. ಲಕ್ಷಕ್ಕೆ ಹೆಚ್ಚೆಂದರೆ ತೊಂಬತ್ತು ರೂಪಾಯಿ. ಈಗಲೂ ಕಡಿಮೆಯೇ. ಖಾಸಗಿಯವರಿಗೆ ಆಸೆ ಬಂದದ್ದು ಆಮೇಲೆ. ಐಸಿಐಸಿಐ, ಎಚ್‌ಡಿಎಫ್‌ಸಿ, ಕೋಟಕ್, ಬಿರ್ಲಾ ಅದಕ್ಕೂ ಮೊದಲೇ ಇದ್ದವು. ಟಾಟಾ, ಆಕ್ಸಿಸ್ ಹೊಸದಾಗಿ ಬಂದವು. 2019ರಿಂದ ಕೇಂದ್ರ ನೌಕರರೂ ತಮಗೆ ಬೇಕಾದ ಖಾಸಗಿ ಫಂಡ್ ಆರಿಸಬಹುದು ಎಂದಾಯಿತು. ವಿದೇಶಿ ಬಂಡವಾಳಕ್ಕೆ ಕಾನೂನಿನಲ್ಲೇ ದಾರಿ ಇದೆ. ವಿಮೆಗೆ ಎಷ್ಟು ಬಿಟ್ಟರೋ ಪೆನ್ಶನ್‌ಗೂ ಅಷ್ಟು. 2023ರ ಆಗಸ್ಟ್‌ನಲ್ಲಿ ಎಲ್ಲ ಸೇರಿ ಹತ್ತು ಲಕ್ಷ ಕೋಟಿ ರೂ. ದಾಟಿತು.

ಆ ಹತ್ತು ಲಕ್ಷ ಕೋಟಿಯ ಒಳಗೆ ನನ್ನ ಲಕ್ಷಗಳೂ ಇವೆ. ರಸ್ತೆ, ವಿದ್ಯುತ್, ಬ್ಯಾಂಕು, ಎಲ್ಲೆಲ್ಲೋ ಓಡಾಡುತ್ತಿವೆ. 2018ರಲ್ಲಿ ಮೂಲಸೌಕರ್ಯಕ್ಕೆ ಸಾಲ ಕೊಡುವ ದೊಡ್ಡ ಕಂಪನಿ ಐಎಲ್ ಆಂಡ್ ಎಫ್‌ಎಸ್ ಕುಸಿದಾಗ, ಅದರ ಬಾಂಡ್‌ಗಳು ಪೆನ್ಶನ್ ಫಂಡ್‌ಗಳ ಕೈಯಲ್ಲೂ ಇದ್ದವು. ಕುಸಿಯುವ ತನಕ ಅವಕ್ಕೆ ಅತಿ ಉತ್ತಮ ರೇಟಿಂಗ್ ಇತ್ತು. ಫಂಡ್ ನೋಡಿಕೊಳ್ಳುವವರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಅವರು ತಮ್ಮ ಕೆಲಸ ಚೆನ್ನಾಗಿಯೇ ಮಾಡುತ್ತಿರಬಹುದು. ಆದರೆ ದುಡ್ಡು ಬೆಳೆಸುವುದು ಬೇರೆ, ಮುಪ್ಪಿಗೆ ಮಾತು ಕೊಡುವುದು ಬೇರೆ. ಒಂದು ಫಂಡು ಎಷ್ಟೇ ಚೆನ್ನಾಗಿ ಬೆಳೆದರೂ, ‘ನೀನು ಎಷ್ಟು ವರ್ಷ ಬದುಕಿದರೂ ನಿನಗೆ ಇಷ್ಟು ಬರುತ್ತದೆ, ಬೆಲೆ ಏರಿದರೆ ಅದೂ ಏರುತ್ತದೆ’ ಎಂದು ಅದು ಹೇಳುವುದಿಲ್ಲ. ಅಪ್ಪ ಕೇಳಿದ್ದು ಇದನ್ನೇ.

ಸರ್ಕಾರದ ಕಡೆಯ ಭಯವೂ ನನಗೆ ಅರ್ಥವಾಗುತ್ತದೆ. ಕೇರಳದಲ್ಲಿ ಜನ ಜಾಸ್ತಿ ವರ್ಷ ಬದುಕುತ್ತಾರೆ. ಸರಾಸರಿ ಆಯುಸ್ಸು ಎಪ್ಪತ್ತೈದರ ಹತ್ತಿರ, ದೇಶದ ಸರಾಸರಿಗಿಂತ ಮುಂದೆ. ಅಪ್ಪನ ಜೊತೆ ಕೆಲಸ ಮಾಡಿದ ಮಾಸ್ಟ್ರೊಬ್ಬರು ತೀರಿಹೋಗಿ ಮೂವತ್ತು ವರ್ಷ ಆಯಿತು. ಅವರ ಹೆಂಡತಿಗೆ ತೊಂಬತ್ತು. ಇವತ್ತಿಗೂ ಕುಟುಂಬ ಪೆನ್ಶನ್ ಬರುತ್ತದೆ. ಸೊಸೆಯ ಮುಂದೆ ಕೈ ಚಾಚದೆ ತನ್ನ ಮಾತ್ರೆ ತಾನೇ ತರಿಸಿಕೊಳ್ಳುತ್ತಾರೆ, ಮೊಮ್ಮಕ್ಕಳಿಗೆ ವಿಷುವಿಗೆ ಕೈನೀಟದ ದುಡ್ಡು ಕೊಡುತ್ತಾರೆ. ಅಜ್ಜಿಯ ಮಾತಿಗೆ ಮನೆಯಲ್ಲಿ ಬೆಲೆ ಇದೆ. ಖಜಾನೆಯ ಲೆಕ್ಕದಲ್ಲಿ ಆ ಅಜ್ಜಿ ಒಂದು ಹೊರೆ. ಆದರೆ ಹೊಸ ವ್ಯವಸ್ಥೆಯಲ್ಲಿ ಆ ಹೊರೆ ಮಾಯವಾಗಲಿಲ್ಲ. ಅವರು ಅಷ್ಟು ವರ್ಷ ಬದುಕಿದರೆ ಖರ್ಚು ಅಷ್ಟೇ ಆಗುತ್ತದೆ. ಆ ಖರ್ಚನ್ನು ಸರ್ಕಾರ ಹೊರಬೇಕಾಗಿಲ್ಲ ಎಂದಾಯಿತು, ಅಷ್ಟೆ. ಲಕ್ಷಗಟ್ಟಲೆ ನೌಕರರ ನಡುವೆ ಹಂಚಿದರೆ ಹಗುರ ಆಗುತ್ತಿದ್ದದ್ದನ್ನು ಒಬ್ಬೊಬ್ಬರ ತಲೆ ಮೇಲೆ ಪೂರ್ತಿ ಇಟ್ಟರು. ಯಾರು ಎಪ್ಪತ್ತಕ್ಕೆ ಹೋಗುತ್ತಾರೆ, ಯಾರು ತೊಂಬತ್ತು ದಾಟುತ್ತಾರೆ ಎಂದು ಯಾರಿಗೆ ಗೊತ್ತು? ಆದರೆ ಸಾವಿರ ಜನರನ್ನು ಒಟ್ಟಿಗೆ ಹಿಡಿದರೆ ಲೆಕ್ಕ ಗೊತ್ತಾಗುತ್ತದೆ. ಆ ಕೆಲಸ ಮಾಡಲು ಸರ್ಕಾರಕ್ಕೆ ಆಗುತ್ತದೆ. ನನಗೆ ಆಗುವುದಿಲ್ಲ.

ಸರ್ಕಾರಕ್ಕೂ ಇದು ಅರ್ಥವಾದಂತಿದೆ. ರಾಜಸ್ಥಾನ, ಛತ್ತೀಸಗಢ, ಪಂಜಾಬ್, ಹಿಮಾಚಲದಂಥ ರಾಜ್ಯಗಳು ಹಳೆಯದಕ್ಕೇ ಹೋಗುತ್ತೇವೆ ಎಂದವು. ಪಶ್ಚಿಮ ಬಂಗಾಳ ಹೊಸದಕ್ಕೆ ಸೇರಲೇ ಇಲ್ಲ. 2023ರಲ್ಲಿ ಟಿ.ವಿ. ಸೋಮನಾಥನ್ ಸಮಿತಿ ಕೂತಿತು. 2025ರ ಏಪ್ರಿಲ್‌ನಿಂದ ಕೇಂದ್ರ ನೌಕರರಿಗೆ ಏಕೀಕೃತ ಪೆನ್ಶನ್ ಎಂಬ ಆಯ್ಕೆ ಬಂತು. ಇಪ್ಪತ್ತೈದು ವರ್ಷ ಸೇವೆ ಆದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲ ಸಂಬಳದ ಅರ್ಧ, ಜೊತೆಗೆ ಬೆಲೆ ಏರಿದಂತೆ ಏರಿಕೆ. ಹತ್ತು ವರ್ಷ ಆದವರಿಗೆ ಕನಿಷ್ಠ 10,000 ರೂ. ನೌಕರನ ಪಾಲೂ ಇದೆ, ಫಂಡೂ ಇದೆ, ಮಾತೂ ಇದೆ. ಭಟ್ಟಾಚಾರ್ಯ ಸಮಿತಿ 2002ರಲ್ಲಿ ಹೇಳಿದ ಬೆರಕೆ ದಾರಿಗೆ ಇಪ್ಪತ್ತಮೂರು ವರ್ಷ ಸುತ್ತಿ ಬಂದ ಹಾಗೆ ನನಗೆ ಕಾಣುತ್ತದೆ.

ಇಲ್ಲಿಯವರೆಗೆ ನನ್ನದೇ ಕಷ್ಟ ಹೇಳಿದೆ. ಆದರೆ ನಮ್ಮ ಮನೆಯ ಕೆಳಗಿನ ತೋಟದ ದಾರಿಯಲ್ಲಿ ನಿಂತರೆ ಬೇರೆಯೇ ಕಾಣುತ್ತದೆ.

ಆಚೆ ಮನೆಯ ಅಕ್ಕ ಮೂವತ್ತೊಂದು ವರ್ಷ ಬೀಡಿ ಕಟ್ಟಿದವರು. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ಹಾಕಿ, ಸುರುಳಿ ಮಾಡಿ ನೂಲು ಸುತ್ತುತ್ತಿದ್ದರು. ಮಾತಾಡುವಾಗ ಕೈ ನೋಡುತ್ತಲೇ ಇರಲಿಲ್ಲ. ಈಗ ಬೆರಳು ಮಡಚಲು ಬರುವುದಿಲ್ಲ. ಬೀಡಿ ಬ್ರಾಂಚಿನ ಪಿ.ಎಫ್. ಇತ್ತು, ಹಾಗಾಗಿ 1995ರ ಇ.ಪಿ.ಎಸ್. (ಪಿ.ಎಫ್. ಇರುವವರ ಪೆನ್ಶನ್) ಯೋಜನೆಯಲ್ಲಿ ಪೆನ್ಶನ್ ಬರುತ್ತದೆ. ಸಾವಿರ ಚಿಲ್ಲರೆ. ಆ ಯೋಜನೆಯ ಕನಿಷ್ಠ ಪೆನ್ಶನ್ 1,000 ರೂ. ಎಂದು ಮಾಡಿದ್ದು 2014ರಲ್ಲಿ. ಅಲ್ಲಿಗೇ ನಿಂತಿದೆ. ನಾನು ಅವರ ಮುಂದೆ ನನ್ನ ಹದಿನೇಳು ಲಕ್ಷದ ಚಿಂತೆ ಹೇಳಿಕೊಳ್ಳಲು ಆಗುತ್ತದಾ?

ಅವರ ಅತ್ತೆಗೆ ಕ್ಷೇಮ ಪಿಂಚಣಿ ಇದೆ. ಕೇರಳ 1980ರಲ್ಲಿ ಕೃಷಿ ಕಾರ್ಮಿಕರಿಗೆ ತಿಂಗಳಿಗೆ 45 ರೂ. ಕೊಡಲು ಶುರು ಮಾಡಿತು. ಈಗ ಕ್ಷೇಮ ಪಿಂಚಣಿ 2025ರ ನವೆಂಬರ್‌ನಿಂದ 2,000 ಆಗಿದೆ. ಸಹಕಾರಿ ಬ್ಯಾಂಕಿನ ಕಲೆಕ್ಷನ್ ಏಜೆಂಟ್ ಮನೆಗೇ ತಂದು ಕೊಡುತ್ತಾರೆ. ಅಜ್ಜಿ ನೋಟನ್ನು ಒಂದೊಂದೇ ಎಣಿಸಿ ಸೀರೆಯ ಸೆರಗಿಗೆ ಗಂಟು ಹಾಕುತ್ತಾರೆ. ಇದಕ್ಕೆ ದುಡ್ಡು ಹೊಂದಿಸಲು 2023ರಲ್ಲಿ ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ ಎರಡು ರೂಪಾಯಿ ಸೆಸ್ ಹಾಕಿದರು. ಗಡಿಯ ನಾವು ತಲಪಾಡಿಯ ಆಚೆ ಹೋಗಿ ಕಡಿಮೆಗೆ ಟ್ಯಾಂಕ್ ತುಂಬಿಸುತ್ತೇವೆ. ನಾನೂ ತುಂಬಿಸಿದ್ದೇನೆ. ಆ ಅಜ್ಜಿಯ ಗಂಟು ನೋಡಿದ ಮೇಲೆ ನನಗೆ ಅದು ಸರಿ ಅನಿಸಲಿಲ್ಲ. ಈಗ ನಮ್ಮ ಕಡೆಯ ಬಂಕಿನಲ್ಲೇ ಹಾಕಿಸುತ್ತೇನೆ.

ಹಳೆಯ ಪೆನ್ಶನ್ ಪೂರ್ತಿ ವಾಪಸ್ ಬೇಕು ಎಂದು ಸಂಘದ ಸಭೆಯಲ್ಲಿ ಕೂಗುವಾಗ ನನ್ನ ದನಿ ಸ್ವಲ್ಪ ತಗ್ಗುತ್ತದೆ. ಕಾರಣ ಬೀಡಿ ಅಕ್ಕನ ಆ ಮನೆ. ಅಪ್ಪನ ಪೆನ್ಶನ್ ಬರುವುದು ಎಲ್ಲರ ತೆರಿಗೆಯಿಂದ. ಬೆಂಕಿಪೊಟ್ಟಣ, ಸೋಪು ಕೊಳ್ಳುವಾಗ ಆ ಬೀಡಿ ಅಕ್ಕ ಕೊಟ್ಟ ತೆರಿಗೆಯೂ ಅದರಲ್ಲಿದೆ. ನನಗೆ ಇಷ್ಟು ಬರುತ್ತದೆ ಎಂಬ ಮಾತು ಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಆ ಮಾತು ಅವರಿಗೂ ಬೇಕು. ನನಗಿಂತ ಮೊದಲು ಬೇಕು. ಯಾವ ಕಡೆಯ ಭಾಷಣದಲ್ಲೂ ಈ ಎರಡು ಮಾತು ಒಟ್ಟಿಗೆ ಬರುವುದನ್ನು ನಾನು ಕೇಳಿಲ್ಲ.

ನಮ್ಮ ತೋಟಕ್ಕೆ ಅಡಕೆ ಕೊಯ್ಲಿಗೆ, ಮದ್ದು ಬಿಡಲು ಬರುವ ಹುಡುಗನೊಬ್ಬ ಇದ್ದಾನೆ. ಹುಡುಗ ಅಂದರೆ ಮೂವತ್ತೆರಡು. ಕಾಲಿಗೆ ತಳೆ ಹಾಕಿ ಮರ ಏರಿದರೆ, ಇಳಿಯದೆಯೇ ಒಂದು ಮರದಿಂದ ಇನ್ನೊಂದನ್ನು ಎಳೆದು ದಾಟುತ್ತಾನೆ. ಎರಡು ವರ್ಷದ ಹಿಂದೆ ನಾನೇ ಅವನನ್ನು ಅಟಲ್ ಪೆನ್ಶನ್ ಯೋಜನೆಗೆ ಸೇರಿಸಿದ್ದೆ. 2015ರಲ್ಲಿ ಶುರುವಾದ ಯೋಜನೆ. ಅರವತ್ತರ ಮೇಲೆ ತಿಂಗಳಿಗೆ 1,000ದಿಂದ 5,000 ರೂ.ವರೆಗೆ, ನಾವು ಆರಿಸಿದಷ್ಟು. ಅದಕ್ಕೆ ಸರ್ಕಾರದ ಗ್ಯಾರಂಟಿ ಇದೆ. ಹದಿನೆಂಟಕ್ಕೆ ಸೇರಿದವರು 5,000ಕ್ಕಾಗಿ ತಿಂಗಳಿಗೆ 210 ಕಟ್ಟಬೇಕು, ನಲವತ್ತಕ್ಕೆ ಸೇರಿದರೆ 1,454. ಅವನು ಮೂವತ್ತಕ್ಕೆ ಸೇರಿದ್ದರಿಂದ 577. ದೇಶದಲ್ಲಿ ಏಳು ಕೋಟಿಗಿಂತ ಹೆಚ್ಚು ಜನ ಇದಕ್ಕೆ ಸೇರಿದ್ದಾರೆ. ನನಗೆ ಇಲ್ಲದ ಭರವಸೆ ಅವನಿಗೆ ಇದೆ ಎಂದು ಆಗ ಖುಷಿಪಟ್ಟಿದ್ದೆ. ಆಮೇಲೆ ಅದೇ ಶೇ. 5ರ ಲೆಕ್ಕ ಹಾಕಿದೆ. ಮೂವತ್ತು ವರ್ಷದ ಮೇಲಿನ 5,000 ಇವತ್ತಿನ ಸಾವಿರದ ನೂರೈವತ್ತರ ಹಾಗೆ. ಬೀಡಿ ಅಕ್ಕನ ಅಂಕಿಗೇ ಬಂದು ನಿಂತಿತು.

ಅವನು ಮೊನ್ನೆ ಜಗಲಿಗೆ ಬಂದು ಕೂತಿದ್ದ. “ಆಟಿಯಲ್ಲಿ ಕೆಲಸ ಇಲ್ಲ ಟೀಚರೇ. ಬ್ಯಾಂಕಿನಲ್ಲಿ ದುಡ್ಡು ಇರ್ಲಿಲ್ಲ. ಎರಡು ತಿಂಗಳು ಕಟ್ ಆಗ್ಲಿಲ್ಲ. ಈಗ ದಂಡ ಸೇರಿಸಿ ತೆಗೀತಾರೆ. ಬಂಙ ಆಗ್ತದೆ. ಐದು ಸಾವಿರದ್ದನ್ನು ಎರಡು ಸಾವಿರಕ್ಕೆ ಇಳಿಸಬಹುದಾ?”

ಇಳಿಸಬಹುದು. ವರ್ಷಕ್ಕೆ ಒಂದು ಸಲ ಬದಲಿಸಲು ಅವಕಾಶ ಇದೆ. ಆದರೆ ಇಳಿಸು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಇಳಿಸಬೇಡ ಎನ್ನಲೂ ಬರಲಿಲ್ಲ. ಅಪ್ಪ ಒಳಗಿಂದಲೇ ಕೇಳಿಸಿಕೊಂಡಿರಬೇಕು. ಹೊರಗೆ ಬಂದು, “ನಲವತ್ತೈದರ ಮೇಲೆ ಮರ ಹತ್ತಲಿಕ್ಕೆ ಆಗ್ತದಾ ನಿನಗೆ?” ಎಂದು ಅವನನ್ನು ಕೇಳಿದರು.

“ಎಲ್ಲಿ ಆಗ್ತದೆ ಮಾಸ್ಟ್ರೇ. ಈಗಲೇ ಮೊಣಕಾಲು ನೋವು ಉಂಟು.”

“ಮತ್ತೆ ಅರವತ್ತರವರೆಗೆ?”

ಅವನು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಮಳೆಗಾಲದ ಎರಡು ತಿಂಗಳ ಕಂತನ್ನು ನಮ್ಮ ಮನೆಯಿಂದ ಕೂಲಿಯ ಮುಂಗಡ ಎಂದು ಕೊಡಬಹುದೋ ಎಂದು ಅಪ್ಪ ನನ್ನ ಮುಖ ನೋಡಿದರು. ಬರುವ ಶನಿವಾರ ಬ್ಯಾಂಕು ತೆರೆದಿರುತ್ತದೆ. ಪಾಸ್‌ಬುಕ್ ಹಿಡಿದುಕೊಂಡು ಹತ್ತು ಗಂಟೆಗೆ ಬಸ್‌ಸ್ಟ್ಯಾಂಡಿಗೆ ಬರಲು ಹೇಳಿದ್ದೇನೆ. ಅಲ್ಲಿಯವರೆಗೆ ಏನನ್ನೂ ಇಳಿಸಬೇಡ ಎಂದೂ ಹೇಳಿದ್ದೇನೆ.